ಷರಾ: ಅನಾಥ

ದಾಖಲೆ ಪುಸ್ತಕಗಳಲ್ಲಿ ‘ಷರಾ’ ಎಂಬ ಕೊನೆಯ ಕಾಲಮ್ಮಿಗೆ ಇರುವ ಬೆಲೆ ಮಾಸ್ತರಿಕೆ ಮಾಡಿದವರಿಗೆ ಗೊತ್ತು. ಉಳಿದ ಕಾಲಮ್ಮುಗಳಲ್ಲೆಲ್ಲ ಕ್ರಮಸಂಖ್ಯೆ, ತಾರೀಕು, ತಂದೆಯ ಹೆಸರು. ನಿಜವಾದ ಸಂಗತಿ ಇರುವುದು ಷರಾದಲ್ಲಿ. ‘ತಂದೆಗೆ ವರ್ಗವಾದ್ದರಿಂದ ಟಿ.ಸಿ. ಪಡೆದಿದ್ದಾನೆ’, ‘ದೀರ್ಘ ಗೈರುಹಾಜರಿ’, ‘ಅಜ್ಜಿಯ ಮನೆಯಲ್ಲಿದ್ದಾಳೆ’ ಎಂಬ ಎರಡು ಮೂರು ಮಾತುಗಳಲ್ಲಿ ಒಂದು ಮಗುವಿನ ಅರ್ಧ ಜಾತಕ ಇರುತ್ತದೆ. ಇಪ್ಪತ್ತೆಂಟು ವರ್ಷದಿಂದ ಇಂಥ ಷರಾಗಳನ್ನು ಬರೆಯುತ್ತಿರುವ ನನಗೆ ಮಗಳ ಕಂಪ್ಯೂಟರಿನ ತೆರೆಯ ಮೇಲೆ ಅಂಥದೇ ಒಂದು ಕಾಲಮ್ಮು ಕಂಡಿತು, ಅದರಲ್ಲಿ ‘ಆರ್ಫನ್’, ಅಂದರೆ ಅನಾಥ ಎಂದು ಬರೆದಿತ್ತು ಎಂದರೆ, ನಾನು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಅಲ್ಲೇ ಕೂತುಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಮಗಳು ಬೆಂಗಳೂರಿನಿಂದ ಸಾಗರಕ್ಕೆ ಬಂದದ್ದು 2020ರ ಮಾರ್ಚ್ ತಿಂಗಳಲ್ಲಿ, ಲಾಕ್‌ಡೌನಿನ ಮುನ್ನಾದಿನ. ಬಟ್ಟೆಯ ಚೀಲ ಒಂದು, ಬೋರ್ಡುಗಳ ಪೆಟ್ಟಿಗೆ ಎರಡು. ಬೋರ್ಡು ಎಂದರೆ ನನ್ನ ತರಗತಿಯ ಕಪ್ಪುಹಲಗೆಯಲ್ಲ. ಅಂಗೈಯಗಲದ ಹಸಿರು ಫಲಕ, ಅದರ ಮೇಲೆ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಕರಿಯ ಚುಕ್ಕೆಗಳು, ನಡುವೆ ಬಿಸ್ಕತ್ತಿನಂಥ ಒಂದು ಚೌಕ. ಅದಕ್ಕೆ ತೆರೆಯಿಲ್ಲ, ಕೀಲಿಮಣೆಯಿಲ್ಲ. ಮೂರೆಳೆಯ ತಂತಿಯೊಂದನ್ನು ಸಿಕ್ಕಿಸಿದರೆ ಅದು ತನ್ನ ಮಾತನ್ನು ಮಗಳ ಲ್ಯಾಪ್‌ಟಾಪಿನ ಮೇಲೆ ಸಾಲು ಸಾಲಾಗಿ ಉದುರಿಸುತ್ತದೆ. ನಮ್ಮ ಮನೆಯ ನಡುಕೋಣೆ, ಹಿಂದೆ ಅಡಿಕೆ ಮೂಟೆ ಇಡುತ್ತಿದ್ದ ಜಾಗ, ಅವಳ ಆಫೀಸಾಯಿತು. ಮಳೆಗಾಲದಲ್ಲಿ ಕರೆಂಟು ಹೋದಾಗೆಲ್ಲ ಅವಳು ಗೊಣಗುತ್ತಿದ್ದಳು. ನನಗೆ ಒಳಗೊಳಗೇ ಖುಷಿ. ಕರೆಂಟು ಹೋದರೆ ಮಾತಿಗೆ ಸಿಗುತ್ತಿದ್ದಳು.

ಆ ಮಾತುಗಳಲ್ಲಿ ನನಗೆ ತಿಳಿದದ್ದಿಷ್ಟು. ಅವಳ ಕೆಲಸ ಲಿನಕ್ಸ್ ಎಂಬುದರ ಕರ್ನಲ್ಲಿನಲ್ಲಿ. ಕರ್ನಲ್ ಎಂದರೆ ತಿರುಳು. ಯಂತ್ರಕ್ಕೂ ನಾವು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ನಿಂತು ಯಾರಿಗೆ ಎಷ್ಟು ಹೊತ್ತು, ಯಾರಿಗೆ ಎಷ್ಟು ಜಾಗ ಎಂದು ಹಂಚುವ ಯಜಮಾನಿಕೆ ಅದರದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದನ್ನು ಬರೆದಾಗ ಅದು 386 ಎಂಬ ಒಂದೇ ಬಗೆಯ ಪ್ರೊಸೆಸರಿನ ಮೇಲೆ ಓಡುತ್ತಿತ್ತು. ಈಗ ಮೂರು ಕೋಟಿ ಸಾಲುಗಳನ್ನು ದಾಟಿದೆ. ವೈಫೈ ಡಬ್ಬಿ, ಟಿ.ವಿ., ಬೀದಿಯ ಕ್ಯಾಮರಾ ಎಲ್ಲೆಂದರಲ್ಲಿ ಕೂತಿದೆ. ಆ ಸಾಲುಗಳಲ್ಲಿ ಬಹುಪಾಲು ಎಲ್ಲ ಯಂತ್ರಗಳಿಗೂ ಸಾಮಾನ್ಯ. ಆದರೆ ಪ್ರೊಸೆಸರಿನ ಒಂದೊಂದು ಕುಲಕ್ಕೂ ಅದರದೇ ಒಂದು ಕಡತಕೋಶ ಬೇಕು. ಈಗ ಅಂಥವು ಇಪ್ಪತ್ತರ ಆಸುಪಾಸು ಇವೆ.

ಕುಲಕ್ಕೊಂದು ಏಕೆ ಎಂದು ಕೇಳಿದೆ. “ಅಮ್ಮಾ, ನೀನು ಇಪ್ಪತ್ತೈದು ಎನ್ನುವಾಗ ಹತ್ತರ ಸ್ಥಾನ ಮೊದಲು ಹೇಳುತ್ತೀಯ. ಸಂಸ್ಕೃತದಲ್ಲಿ?” ಎಂದಳು. ಪಂಚವಿಂಶತಿ, ಐದು ಮೊದಲು. “ಪ್ರೊಸೆಸರುಗಳೂ ಹಾಗೇ. ಕೆಲವು ದೊಡ್ಡ ಭಾಗವನ್ನು ಮೊದಲು ಬರೆದುಕೊಳ್ಳುತ್ತವೆ, ಕೆಲವು ಸಣ್ಣದನ್ನು. ಒಂದರ ಬರಹವನ್ನು ಇನ್ನೊಂದು ಹಾಗೇ ಓದಿದರೆ ಲೆಕ್ಕ ಹಾಳು.” ಕನ್ನಡದ ಟೀಚರಿಗೆ ಇಷ್ಟು ಚೆನ್ನಾಗಿ ಯಾರೂ ಕಂಪ್ಯೂಟರ್ ಪಾಠ ಹೇಳಿರಲಿಲ್ಲ. ಇನ್ನೊಂದು ತೊಂದರೆಯೂ ಇದೆಯಂತೆ. ಮೇಜಿನ ಮೇಲಿನ ಪಿ.ಸಿ.ಯಾದರೆ ತನ್ನ ಮೈಯಲ್ಲಿ ಏನೇನಿದೆ ಎಂಬುದನ್ನು ಬಹುಮಟ್ಟಿಗೆ ತಾನೇ ಹೇಳಿಕೊಳ್ಳುತ್ತದೆ. ಈ ಸಣ್ಣ ಬೋರ್ಡುಗಳು ಬಾಯಿ ಬಿಡುವುದಿಲ್ಲ. ಯಾವ ಕಾಲಿಗೆ ದೀಪ, ಯಾವ ವಿಳಾಸದಲ್ಲಿ ಗಡಿಯಾರ ಎಂದು ಯಾರಾದರೂ ಬರೆದು ಕೊಡಬೇಕು. ಮೊದಲು ಆರ್ಮ್ ಕುಲದಲ್ಲಿ ಬೋರ್ಡಿಗೊಂದು ಪ್ರೋಗ್ರಾಮು ಬರೆದು ಬರೆದು ಗೊಂದಲ ಹೆಚ್ಚಿ, 2011ರಲ್ಲಿ ಟೋರ್ವಾಲ್ಡ್ಸ್ ಸಿಟ್ಟಾದ ಮೇಲೆ ‘ಡಿವೈಸ್ ಟ್ರೀ’ ಎಂಬ ಪಟ್ಟಿಯ ಪದ್ಧತಿ ಅಲ್ಲಿ ಬಲವಾಯಿತು. ಮಗಳು ಅದನ್ನು ತೋರಿಸಿದಾಗ ನಾನು ತಕ್ಷಣ ಗುರುತು ಹಿಡಿದೆ: ನಮ್ಮ ಶಾಲೆಯ ದಾಸ್ತಾನು ಪುಸ್ತಕ! ಬೆಂಚು ಎಷ್ಟು, ಬೀರು ಎಷ್ಟು, ಯಾವುದು ಯಾವ ಕೋಣೆಯಲ್ಲಿ.

ಈಗ ಆ ಷರಾ ಕಾಲಮ್ಮಿಗೆ ಬರುತ್ತೇನೆ. ಕರ್ನಲ್ಲಿನ ಜೊತೆಗೆ ‘ಮೇಂಟೇನರ್ಸ್’ ಎಂಬ ಬಹು ಉದ್ದದ ಪಟ್ಟಿಯೊಂದಿದೆ. ಯಾವ ಭಾಗಕ್ಕೆ ಯಾರ ಉಸ್ತುವಾರಿ, ಅವರ ವಿಳಾಸ, ಯಾವ ಕಡತಗಳು, ಸ್ಥಿತಿ ಏನು. ಸ್ಥಿತಿಯ ಕಾಲಮ್ಮಿನಲ್ಲಿ ಇಂತಿಷ್ಟೇ ಮಾತುಗಳು ಬರಬಹುದು. ನೋಡಿಕೊಳ್ಳಲು ಯಾರಿಗಾದರೂ ಸಂಬಳ ಸಿಗುತ್ತಿದ್ದರೆ ‘ಸಪೋರ್ಟೆಡ್’. ಸಂಬಳ ಇರಲಿ ಬಿಡಲಿ, ನಿಜವಾಗಿ ನೋಡಿಕೊಳ್ಳುವವರಿದ್ದರೆ ‘ಮೇಂಟೇನ್ಡ್’. ಹೆಸರಿಗೆ ಒಬ್ಬರಿದ್ದಾರೆ, ಆದರೆ ಪುರುಸೊತ್ತಾದಾಗ ಒಂದು ತೇಪೆ ಹಾಕುವುದಕ್ಕಿಂತ ಹೆಚ್ಚು ಆಗದು ಎಂದಾದರೆ ‘ಆಡ್ ಫಿಕ್ಸಸ್’. ಯಾರೂ ಇಲ್ಲದಿದ್ದರೆ ‘ಆರ್ಫನ್’. ಸಂಬಳಕ್ಕೂ ನಿಷ್ಠೆಗೂ ಬೇರೆ ಬೇರೆ ಷರಾ ಇಟ್ಟ ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಇದೇ ಪದ್ಧತಿ ನಮ್ಮ ಇಲಾಖೆಯ ಪಟ್ಟಿಗಳಲ್ಲೂ ಬಂದರೆ ಹೇಗೆ ಎಂದು ಯೋಚಿಸಿ, ಆಮೇಲೆ ಯೋಚಿಸಬಾರದೆಂದು ಸುಮ್ಮನಾದೆ.

“ಬರೆದದ್ದು ಬರೆದಾಯಿತು, ಓಡುತ್ತಿದೆ. ಮತ್ತೇಕೆ ಅದನ್ನು ಮುಟ್ಟುತ್ತ ಕೂರಬೇಕು?” ಎಂಬುದು ನನ್ನ ಪ್ರಶ್ನೆ. ಆದರೆ ಸುತ್ತಲಿನದು ಸುಮ್ಮನಿರುವುದಿಲ್ಲವಲ್ಲ. ಒಂಬತ್ತು ಹತ್ತು ವಾರಕ್ಕೊಮ್ಮೆ ಕರ್ನಲ್ಲಿನ ಹೊಸ ಆವೃತ್ತಿ ಬರುತ್ತದೆ. ಪ್ರತಿಯೊಂದರಲ್ಲೂ ಹದಿಮೂರು ಹದಿನಾಲ್ಕು ಸಾವಿರ ಬದಲಾವಣೆಗಳು. ಸಾಮಾನ್ಯ ಭಾಗದಲ್ಲಿ ಒಬ್ಬರು ಒಂದು ಕಂಬ ಸರಿಸಿದರೆ ಅದಕ್ಕೆ ಒರಗಿಕೊಂಡ ಎಲ್ಲ ಕುಲಗಳಲ್ಲೂ ಮಾಡು ಸರಿಮಾಡಬೇಕು. ಮಗಳು ಕೊಟ್ಟ ಉದಾಹರಣೆ ನನಗೆ ಮರೆಯುವುದಿಲ್ಲ. ಈ ಯಂತ್ರಗಳು ಕಾಲವನ್ನು ಎಣಿಸುವುದು 1970ರ ಜನವರಿ 1ರಿಂದ, ಸೆಕೆಂಡುಗಳಲ್ಲಿ. ಹಳೆಯ 32 ಬಿಟ್ಟುಗಳ ಪಾತ್ರೆ 2038ರ ಜನವರಿ 19ರಂದು ತುಂಬಿ ತುಳುಕುತ್ತದೆ. ಮರುಕ್ಷಣ ಯಂತ್ರದ ಪಾಲಿಗೆ ಅದು 1901ರ ಡಿಸೆಂಬರ್! ಪಿ.ಸಿ.ಗಳು ಬಹುಪಾಲು 64 ಬಿಟ್ಟಿಗೆ ಹೋಗಿ ಪಾರಾದವು. ಗೋಡೆಯೊಳಗೆ, ಕಂಬದ ಮೇಲೆ ಕೂತ ಸಣ್ಣವುಗಳಲ್ಲಿ ಇನ್ನೂ 32 ಬಿಟ್ಟಿನವೇ ಎಷ್ಟೋ ಇವೆ; ಇವತ್ತು ಗೋಡೆಗೆ ಹೊಡೆದದ್ದು 2038ರಲ್ಲೂ ಅಲ್ಲೇ ಇರಬಹುದು. ಆರ್ನ್ಡ್ ಬರ್ಗ್‌ಮನ್ ಮುಂತಾದವರು ವರ್ಷಗಟ್ಟಲೆ ದುಡಿದು, 2020ರ ಮಾರ್ಚ್ ಕೊನೆಗೆ ಬಂದ 5.6ನೆಯ ಆವೃತ್ತಿಯ ಹೊತ್ತಿಗೆ ಕರ್ನಲ್ಲಿನ ಮಟ್ಟಿಗೆ ಇದನ್ನು ನೇರ್ಪುಮಾಡಿದರು. ಅದಕ್ಕಾಗಿ 32 ಬಿಟ್ಟಿನ ಒಂದೊಂದು ಕುಲದ ಕಡತವನ್ನೂ ತೆರೆಯಬೇಕಾಯಿತು. ಕೇಳಿದರೆ ಉತ್ತರ ಕೊಡುವವರಿಲ್ಲದ, ಓಡಿಸಿ ನೋಡಲು ಬೋರ್ಡೂ ಸಿಗದ ಕುಲದಲ್ಲಿ ಇಂಥ ಕೆಲಸ ಮಾಡುವುದು ಬೀಗ ಹಾಕಿದ ಮನೆಯ ಗಂಟೆ ಬಾರಿಸಿದ ಹಾಗೆ.

ಇದೇ ಬರ್ಗ್‌ಮನ್ 2018ರಲ್ಲಿ ಎಂಟು ಕುಲಗಳನ್ನು ಒಟ್ಟಿಗೇ ಅಳಿಸಿಹಾಕಿದರು. ಸುಮಾರು ಐದು ಲಕ್ಷ ಸಾಲು. ಬ್ಲ್ಯಾಕ್‌ಫಿನ್, ಕ್ರಿಸ್, ಮೆಟಾಗ್, ಟೈಲ್ ಎಂದು ಮಗಳು ಹೆಸರು ಹೇಳುತ್ತಿದ್ದರೆ ನನಗೆ ಸಂಕಟ. ಕ್ರಿಸ್ ಎಂಬುದು ಸ್ವೀಡನ್ನಿನ ಲುಂಡ್ ಪಟ್ಟಣದ ಆಕ್ಸಿಸ್ ಕಂಪನಿಯದು. ನೆಟ್‌ವರ್ಕಿಗೆ ಜೋಡಿಸುವ ತಮ್ಮ ಉಪಕರಣಗಳಿಗೆಂದು ತಾವೇ ಪ್ರೊಸೆಸರು ಮಾಡಿಕೊಂಡಿದ್ದರು. ಎಂಟಕ್ಕೂ ಬಂದ ಗತಿ ಒಂದೇ. ಒಂದೇ ಕಂಪನಿ ಚಿಪ್ಪನ್ನೂ ಮಾಡಬೇಕು, ಅದರ ತಂತ್ರಾಂಶವನ್ನೂ ಸಾಕಬೇಕು. ಅದಕ್ಕಿಂತ ಆರ್ಮ್‌ನಂಥವರಿಂದ ಸಿದ್ಧ ಪ್ರೊಸೆಸರಿನ ಹಕ್ಕು ಕೊಳ್ಳುವುದು ಅಗ್ಗವಾಯಿತು. ಕಂಪನಿ ದಾರಿ ಬದಲಿಸಿತು. ಕಡತಗಳು ಹಿಂದೆ ಉಳಿದವು.

“ಹಳೆಯದಾಯಿತೆಂದು ತೆಗೆದದ್ದೋ?” ಎಂದು ಕೇಳಿದೆ. ಹಳೆಯದರ ಬಗ್ಗೆ ನನಗೀಗ ವಿಶೇಷ ಕಾಳಜಿ, ವಯಸ್ಸು ಅಂಥದು. ಮಗಳು ನಕ್ಕಳು. ಮೋಟರೋಲಾ ಕಂಪನಿಯ 68000 ಎಂಬ ಪ್ರೊಸೆಸರು ಬಂದದ್ದು 1979ರಲ್ಲಿ. ಅದರ ವಂಶದ ಮೇಲೆ ಓಡುತ್ತಿದ್ದ ಅಮಿಗಾ ಯಂತ್ರ ಮಾಡಿದ ಕಮೊಡೋರ್ ಕಂಪನಿ 1994ರಲ್ಲೇ ದಿವಾಳಿಯಾಯಿತು. ಆದರೂ ಆ ಕುಲ ಕರ್ನಲ್ಲಿನಲ್ಲಿ ಇನ್ನೂ ಇದೆ. ಬೆಲ್ಜಿಯಮ್ಮಿನ ಗೀರ್ಟ್ ಉಯ್ಟರ್‌ಹೂವನ್ ಎಂಬವರು ದಶಕಗಳಿಂದ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಪತ್ರ ಬರೆದರೆ ಉತ್ತರ ಬರುತ್ತದೆ. ಇತ್ತ ಇಂಟೆಲ್, ಎಚ್‌ಪಿಯಂಥ ಧನವಂತರು ಹೆತ್ತ ಇಟೇನಿಯಂ, 2001ರಲ್ಲಿ ಹುಟ್ಟಿದ್ದು, ಅನಾಥ ಷರಾ ಹೊತ್ತು 2024ರ ಜನವರಿಯ ಆವೃತ್ತಿಯಲ್ಲಿ ಹೊರಬಿತ್ತು. ಕೇಳುವುದು ವಯಸ್ಸನ್ನಲ್ಲ, ಹಣವನ್ನೂ ಅಲ್ಲ; ಕೂಗಿದರೆ ಓ ಎನ್ನುವವರಿದ್ದಾರೋ ಎಂದು. ಎಚ್8300 ಎಂಬ ಇನ್ನೊಂದಿದೆ, ಹಿಟಾಚಿಯವರದು. ಅದನ್ನು 2013ರಲ್ಲಿ ತೆಗೆದರು. ನೋಡಿಕೊಳ್ಳುವವರು ಬಂದರೆಂದು 2015ರಲ್ಲಿ ಸೇರಿಸಿಕೊಂಡರು. 2022ರಲ್ಲಿ ಮತ್ತೆ ತೆಗೆದರು. ಟಿ.ಸಿ. ಪಡೆದು ಹೋಗಿ ಮರುವರ್ಷ ಬಂದು ಸೇರಿ, ಮತ್ತೆ ಟಿ.ಸಿ. ಕೇಳುವ ಹುಡುಗರು ನನ್ನ ರಿಜಿಸ್ಟರಿನಲ್ಲೂ ಇದ್ದಾರೆ.

ಅಳಿಸುವುದನ್ನು ಮಗಳು ಸಮರ್ಥಿಸುತ್ತಾಳೆ. ಸತ್ತ ಕಡತ ಸುಮ್ಮನೆ ಬಿದ್ದಿರುವುದಿಲ್ಲ, ಬೇರೆಯವರ ಹೊತ್ತು ತಿನ್ನುತ್ತದೆ. ಅಲ್ಲದೆ ಹಳೆಯ ಆವೃತ್ತಿಗಳಲ್ಲಿ ಅದು ಇದ್ದೇ ಇರುತ್ತದೆ, ಬೇಕಾದವರು ತೆಗೆದುಕೊಳ್ಳಬಹುದು ಎನ್ನುತ್ತಾಳೆ. ವಾದ ಸರಿಯೇ. ಆದರೆ ನಮ್ಮ ಕಡೆ ಮಕ್ಕಳಿಲ್ಲದೆ ಮುಚ್ಚಿದ ಕಿರಿಯ ಪ್ರಾಥಮಿಕ ಶಾಲೆಯೊಂದರ ರಿಜಿಸ್ಟರುಗಳು ಪಕ್ಕದೂರಿನ ಶಾಲೆಯ ಬೀರುವಿನಲ್ಲಿ ಭದ್ರವಾಗಿವೆ. ಅವನ್ನು ಇಟ್ಟುಕೊಂಡು ಯಾರೂ ಶಾಲೆ ತೆರೆದಿಲ್ಲ. ಹಾಗೆಂದೆ. “ಅಲ್ಲಿ ಮಕ್ಕಳೇ ಇಲ್ಲವಲ್ಲಮ್ಮಾ” ಎಂದಳು. ಮಕ್ಕಳಿಲ್ಲವೆಂದು ಶಾಲೆ ಹೋಯಿತೋ, ಟೀಚರು ಇಲ್ಲವೆಂದು ಮಕ್ಕಳು ಹೋದರೋ? ಆ ರಾತ್ರಿ ಈ ಚರ್ಚೆ ಊಟದ ಎಲೆ ಒಣಗುವ ತನಕ ನಡೆಯಿತು. ನಾನೇನೂ ಸೋಲಲಿಲ್ಲ, ಅವಳೂ ಸೋಲಲಿಲ್ಲ.

ಆಮೇಲೆ ಈ ಮಾತು ಅವಳ ಬಾಗಿಲಿಗೇ ಬಂತು. ಅವಳು ನೋಡಿಕೊಳ್ಳುತ್ತಿದ್ದದ್ದು ಆರ್ಮ್ ಕುಲದೊಳಗಿನ ಒಂದು ಸಣ್ಣ ಚಿಪ್ಪಿನ ಬಳಗವನ್ನು. ಅವಳ ಕಂಪನಿ ಆ ಚಿಪ್ಪುಗಳನ್ನು ಮಾಡುವುದನ್ನೇ ನಿಲ್ಲಿಸಿತು. ಅವಳನ್ನು ಬೇರೆ ಕೆಲಸಕ್ಕೆ ಹಾಕಿದರು, ಸಂಬಳವೂ ತುಸು ಹೆಚ್ಚಾಯಿತು. ಈ ಕಂಪನಿಗಳ ರೀತಿಯೇ ನನಗೆ ಅರ್ಥವಾಗುವುದಿಲ್ಲ. ಲಕ್ಷಗಟ್ಟಲೆ ಮಾರುವಾಗ ಇರುವ ಉತ್ಸಾಹ, ಮಾರಿದ್ದು ಇನ್ನೂ ಜನರ ಮನೆಯಲ್ಲಿ ಓಡುತ್ತಿದೆ ಎಂಬ ನೆನಪಿಗೆ ಏಕೆ ಇರುವುದಿಲ್ಲವೋ! ಸುರಕ್ಷತೆಯ ಬಿರುಕುಗಳು ಸಿಗುತ್ತಲೇ ಇರುತ್ತವೆ. ಹೊಸ ಕರ್ನಲ್ ಆ ಚಿಪ್ಪಿನ ಮೇಲೆ ಏಳದಿದ್ದರೆ ಆ ಮನೆಗಳಿಗೆ ರಿಪೇರಿ ತಲುಪುವ ದಾರಿ ಮುಚ್ಚಿದಂತೆಯೇ.

ಪಟ್ಟಿಯಲ್ಲಿ ಇವಳ ಹೆಸರು ಹಾಗೇ ಇತ್ತು. ಮುಂದೆ ‘ಸಪೋರ್ಟೆಡ್’ ಎಂಬ ಷರಾ. ಸಂಬಳ ನಿಂತ ಮೇಲೆ ಆ ಮಾತು ಸುಳ್ಳು. ತೆಗೆದುಬಿಟ್ಟರೆ ‘ಆರ್ಫನ್’ ಆಗುತ್ತದೆ. ಆಮೇಲೆ ಇವತ್ತಲ್ಲ ನಾಳೆ ಯಾರಾದರೂ ಅಳಿಸಬಹುದು. ಹದಿನೈದು ದಿನ ಒದ್ದಾಡಿದಳು. ಬಿಟ್ಟು ಹೋದವರ ಹೆಸರು ಬರೆದಿಡಲು ‘ಕ್ರೆಡಿಟ್ಸ್’ ಎಂಬ ಬೇರೆ ಪಟ್ಟಿಯೂ ಇದೆ, ಗೌರವದ್ದೇ. ನಾನು ಏನೂ ಹೇಳಲಿಲ್ಲ. ನನ್ನ ಸ್ವಭಾವಕ್ಕೆ ಅದು ಸುಲಭವಾಗಿರಲಿಲ್ಲ. ಕಡೆಗೆ ಒಂದು ಭಾನುವಾರ ಬೆಳಿಗ್ಗೆ ತನ್ನ ಸ್ವಂತ ವಿಳಾಸ ಹಾಕಿ, ಷರಾವನ್ನು ‘ಆಡ್ ಫಿಕ್ಸಸ್’ ಎಂದು ತಿದ್ದಿ ಕಳಿಸಿದಳು. ಬೋರ್ಡುಗಳ ಒಂದು ಪೆಟ್ಟಿಗೆ ಅಟ್ಟಕ್ಕೆ ಹೋಯಿತು.

ವರ್ಷವಾದ ಮೇಲೆ ಒಂದು ಪತ್ರ ಬಂತು. ಯುರೋಪಿನ ಯಾವುದೋ ಊರಿನ ಗೃಹಸ್ಥ. ಮನೆಯ ಬಿಸಿನೀರಿನ ಬಾಯ್ಲರನ್ನು ಅಂಥದೊಂದು ಬೋರ್ಡಿನಿಂದ ನಡೆಸುತ್ತಿದ್ದಾನೆ. ಹೊಸ ಕರ್ನಲ್ ಹಾಕಿದ್ದೇ ಅದು ಏಳುತ್ತಿಲ್ಲ. ಮಗಳು ದೀಪಾವಳಿಗೆಂದು ಬಂದವಳು ಏಣಿ ಹಾಕಿಸಿ ಪೆಟ್ಟಿಗೆ ಇಳಿಸಿದಳು. ಹಿಂದಿನ ಆವೃತ್ತಿ ಏಳುತ್ತದೆ, ಹೊಸದು ಏಳುವುದಿಲ್ಲ, ನಡುವೆ ಹದಿನಾಲ್ಕು ಸಾವಿರ ಬದಲಾವಣೆಗಳು. ಒಂದೊಂದಾಗಿ ನೋಡಿದರೆ ಜನ್ಮ ಸಾಲದು. ಆದರೆ ನಟ್ಟನಡುವಿನದನ್ನು ಹಾಕಿ ನೋಡಬೇಕು. ಎದ್ದರೆ ತಪ್ಪು ಮುಂದಿನ ಅರ್ಧದಲ್ಲಿದೆ, ಏಳದಿದ್ದರೆ ಹಿಂದಿನ ಅರ್ಧದಲ್ಲಿ. ಉಳಿದದ್ದನ್ನು ಮತ್ತೆ ಅರ್ಧ ಮಾಡಬೇಕು. ಹದಿನಾಲ್ಕು ಸಲ ಅರ್ಧ ಮಾಡಿದರೆ ಒಂದಕ್ಕೆ ಬರುತ್ತದೆ ಎಂದಳು. ನಾನು ಹಳೆಯ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿ ನೋಡಿದೆ, ಹೌದು. ಎಣ್ಣೆ ನೀರಿಗೂ ಹೋಳಿಗೆಗೂ ನಡುವೆ ಅವಳು ಕರ್ನಲ್ ಕಟ್ಟುವುದು, ಬೋರ್ಡಿಗೆ ತುಂಬುವುದು, ಮೂರೆಳೆಯ ತಂತಿಯ ಮೇಲೆ ಮಾತು ಬರುತ್ತದೋ ಎಂದು ಕಾಯುವುದು ನಡೆಯಿತು. ಎದ್ದಿತು, ಏಳಲಿಲ್ಲ, ಏಳಲಿಲ್ಲ, ಎದ್ದಿತು ಎಂದು ನಾನೇ ಗೀಟು ಹಾಕಿಕೊಂಡೆ.

ಸಿಕ್ಕಿತು. ಯಾರೋ ಗಡಿಯಾರಗಳಿಗೆ ಸಂಬಂಧಿಸಿದ ಸಾಮಾನ್ಯ ಭಾಗವನ್ನು ಒಪ್ಪವಾಗಿ ತಿದ್ದಿದ್ದರು. ಅವರ ಕೆಲಸದಲ್ಲಿ ಲೋಪವಿಲ್ಲ. ಈ ಚಿಪ್ಪು ಮಾತ್ರ ಹಳೆಯ ರೀತಿಯನ್ನೇ ನೆಚ್ಚಿಕೊಂಡಿತ್ತು. ಮಗಳು ಎರಡು ಸಾಲು ಬರೆದು ಆ ಗೃಹಸ್ಥನಿಗೆ ಕಳಿಸಿದಳು. ಮರುದಿನ ಅವನ ಉತ್ತರ ಬಂತು, ನೀರು ಕಾಯುತ್ತಿದೆ ಎಂದು. ಪರೀಕ್ಷಿಸಿ ನೋಡಿದವನೆಂದು ಅವನ ಹೆಸರನ್ನೂ ತೇಪೆಯ ಕೆಳಗೆ ಸೇರಿಸಿ ಅವಳು ಮೇಲಿನವರಿಗೆ ಕಳಿಸಿದಳು. ಪೆಟ್ಟಿಗೆಯನ್ನು ಈ ಸಲ ಅಟ್ಟಕ್ಕೆ ಹಾಕಬೇಡ, ಕೆಳಗೇ ಇರಲಿ ಎಂದಳು.