ಸ್ಟುಡಿಯೋ ಅಣ್ಣನ ಕೊಕ್ಕರೆ ಫೋಟೋ

ಗೌಡಗೆರೆಯಿಂದ ಶಿರಾಕ್ಕೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಹೊರಟಿದ್ದು ಒಂದು ಫೋಟೋಗೆ ಒಪ್ಪಿಗೆ ಕೇಳಲು. ಆದರೆ ಕೇಳದೆಯೇ ಅದನ್ನು ಆಗಲೇ ಎರಡು ಸಲ ಬಳಸಿಕೊಂಡಿದ್ದೆವು.

ಮೊದಲ ಸಲ ಸುದ್ದಿಗೆ. ಕಗ್ಗಲಡು ಊರಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದ ವರದಿ ಕಳಿಸುವಾಗ ವಾಟ್ಸಾಪ್‌ನಲ್ಲಿ ಬಂದಿದ್ದ ಫೋಟೋವನ್ನೇ ಜೊತೆಗೆ ಕಳಿಸಿಬಿಟ್ಟೆವು. ತೆಗೆದವರು ಯಾರೆಂದು ಗೊತ್ತಿತ್ತು. ಹೆಸರು ಬರೆಯಲಿಲ್ಲ. ಎರಡನೇ ಸಲ, ಕನ್ನಡ ವಿಕಿಪೀಡಿಯದಲ್ಲಿ ನಮ್ಮ ತಾಲೂಕಿನ ಹಕ್ಕಿಗಳೂ ಕಾಣಲಿ ಎಂದು ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದೆವು. 'ನನ್ನ ಸ್ವಂತ ಕೆಲಸ' ಎಂದಿರುವ ಕಡೆ ಒತ್ತಿದೆವು. ಕೆಲವೇ ದಿನಕ್ಕೆ ಅಲ್ಲಿಯ ಸ್ವಯಂಸೇವಕರು ಅಳಿಸಿ ಹಾಕಿದರು. ಇದೇ ಫೋಟೋ ಪತ್ರಿಕೆಯ ಜಾಲತಾಣದಲ್ಲಿ ಇದೆಯಲ್ಲ ಎಂಬುದು ಅವರ ಪ್ರಶ್ನೆ. ನಮ್ಮ ವರದಿಯೇ ನಮ್ಮನ್ನು ಹಿಡಿದುಕೊಟ್ಟಿತ್ತು.

ಆಮೇಲೆ ಓದಿಕೊಂಡೆವು. (ಡಿಪ್ಲೊಮಾದಲ್ಲಿ ಈ ಪಾಠ ಇತ್ತು, ಪರೀಕ್ಷೆಗೆ ಬರಲ್ಲ ಅಂತ ಬಿಟ್ಟಿದ್ದೆವು.) 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಫೋಟೋ ಸಾಮಾನ್ಯವಾಗಿ ತೆಗೆದವರದ್ದು. ತೆಗೆದವರು ಬದುಕಿರುವಷ್ಟು ಕಾಲ, ಆಮೇಲೆ ಅವರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಆ ಹಕ್ಕು ಇರುತ್ತದೆ. ನೀವು ದುಡ್ಡು ಕೊಟ್ಟು ತೆಗೆಸಿದ ಮದುವೆ ಫೋಟೋ ಆದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ನಿಮ್ಮದು. ಆದರೆ ಈ ಕೊಕ್ಕರೆಯನ್ನು ತೆಗೆಯಿರಿ ಎಂದು ಯಾರೂ ದುಡ್ಡು ಕೊಟ್ಟಿರಲಿಲ್ಲ.

ಸ್ಟುಡಿಯೋ ಅಣ್ಣ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಾ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆವು.

"ಪೇಪರ್‌ನಲ್ಲಿ ಬಂದಾಗ್ಲೇ ನೋಡಿದ್ದೆ ಕಣ್ರಪ್ಪ. ನಿನ್ನ ಹೆಸ್ರೇ ಇಲ್ವಲ್ಲಪ್ಪ ಅಂತ ಮಗಳು ಕೇಳಿದ್ಳು" ಎಂದು ಸ್ಟೂಲು ತೋರಿಸಿದರು. ಕೂರಲು ನಮಗೆ ಮನಸ್ಸಾಗಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು "ಹೋಗ್ಲಿ, ಹಾಕ್ಕೊಳ್ಳಿ" ಎಂದರು. ಬಾಯಿಮಾತು ಸಾಲದು. 'ವಿಕಿಪೀಡಿಯಕ್ಕೆ ಮಾತ್ರ' ಎಂದು ಬರೆದುಕೊಟ್ಟರೂ ಅಲ್ಲಿ ತೆಗೆದುಕೊಳ್ಳುವುದಿಲ್ಲ. ಕ್ರಿಯೇಟಿವ್ ಕಾಮನ್ಸ್‌ನಂಥ ಮುಕ್ತ ಪರವಾನಗಿ ಬೇಕು. ಹಕ್ಕು ಅಣ್ಣನ ಬಳಿಯೇ ಉಳಿಯುತ್ತದೆ, ಬಳಸುವವರು ಅವರ ಹೆಸರು ಹಾಕಲೇಬೇಕು. ಆದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳುವಂತಿಲ್ಲ. ಹೀಗೆಂದು ಅವರೇ ತಮ್ಮ ಇಮೇಲ್‌ನಿಂದ ಬರೆದು ಕಳಿಸಬೇಕು.

"ಯಾರೋ ಕ್ಯಾಲೆಂಡರ್ ಹೊಡೆದು ಮಾರ್ಕೊಂಡ್ರೆ?"

"ಮಾರ್ಕೋಬೋದು ಅಣ್ಣಾ. ನಿಮಗೆ ಅದ್ರಲ್ಲಿ ದುಡ್ಡು ಬರಲ್ಲ."

ಇದನ್ನು ಹೇಳದೆಯೇ ಇಮೇಲ್ ಕಳಿಸಿಕೊಂಡು ಬರಬಹುದಿತ್ತು. ಮೂರನೇ ಸಲವೂ ಬೇಡ ಎನಿಸಿತು.

ಅಣ್ಣ ಟೀ ತರಿಸಿದರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸ್ಟುಡಿಯೋ ನಡೆಸುವುದು ಏನೆಂದು ನಿಮಗೂ ಗೊತ್ತಲ್ಲ. ಅವರಿಗೆ ಆ ಕೊಕ್ಕರೆ ಒಂದು ಆಸ್ತಿ. ಟೀ ಮುಗಿದ ಮೇಲೆ ಕಂಪ್ಯೂಟರ್ ತೆರೆದು ಅವತ್ತಿನ ಫೋಟೋಗಳನ್ನೆಲ್ಲ ಒಂದೊಂದಾಗಿ ತೋರಿಸಿದರು. ಕೊನೆಗೊಂದು ಕಡೆ ನಿಲ್ಲಿಸಿದರು. ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಮಾಡಿ ನಿಂತ ಕೊಕ್ಕರೆ.

"ನೀವು ಕದ್ದಿದ್ದು ಕೊಡಲ್ಲ. ಅದನ್ನ ಫ್ರೇಮ್ ಹಾಕಿ ಮಾರ್ತೀನಿ. ಇದನ್ನ ತಗೊಳ್ಳಿ."

ಸಂಜೆ ಕಾಲೇಜಿನಿಂದ ಬಂದ ಮಗಳು ಇಮೇಲ್ ಟೈಪ್ ಮಾಡಿದಳು. ಕಳಿಸುವ ಮುಂಚೆ ಅಣ್ಣ ಕನ್ನಡಕ ಹಾಕಿಕೊಂಡು, ತಮ್ಮ ಹೆಸರಿನ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಎರಡು ಸಲ ನೋಡಿದರು.