ಮಂಡಗದ್ದೆಯಲ್ಲೊಂದು ಸೊನ್ನೆ

ಬೆಳಗಿನ ಜಾವ ನಾಲ್ಕೂವರೆಗೆ ಹೊರಡುವ ತಿರುಗಾಟಕ್ಕೆ ಎಲ್ಲಕ್ಕಿಂತ ಮೊದಲು ಸಿದ್ಧವಾಗಬೇಕಾದದ್ದು ಬುತ್ತಿ. ಈ ವಿಷಯದಲ್ಲಿ ನಮ್ಮ ನಾಲ್ವರದ್ದೂ ಒಂದೇ ಮಾತು. ಹಕ್ಕಿ ನೋಡಲು ಹೋಗುವವರು ಹೊಟ್ಟೆ ಹಸಿದುಕೊಂಡು ಹೋಗಬಾರದು. ಹಸಿದವನಿಗೆ ಒಂದು ಕಡೆ ಕೂರಲಾಗುವುದಿಲ್ಲ, ಕೂರಲಾಗದವನಿಗೆ ಹಕ್ಕಿ ಕಾಣುವುದಿಲ್ಲ. ಹಾಗಾಗಿ ಕಳೆದ ಜನವರಿಯ ಆ ಭಾನುವಾರ ಶಿವಮೊಗ್ಗದಿಂದ ಹೊರಟಾಗ ಕಾರಿನ ಹಿಂದಿನ ಸೀಟಿನಲ್ಲಿ ಒಗ್ಗರಣೆ ಅವಲಕ್ಕಿಯ ಡಬ್ಬಿ, ಕಾಫಿಯ ಫ್ಲಾಸ್ಕು, ಒಂದು ಚಿಪ್ಪು ಬಾಳೆಹಣ್ಣು ಮೊದಲು ಹತ್ತಿ ಕುಳಿತವು. ಆಮೇಲೆ ನಾವು.

ನಾವು ಎಂದರೆ ಯಾರು? ಬ್ಯಾಂಕಿನಲ್ಲಿರುವ ಗೆಳೆಯ, ಔಷಧಿ ಅಂಗಡಿಯ ಗೆಳೆಯ, ನಿವೃತ್ತರಾದ ವಿಜ್ಞಾನದ ಮೇಷ್ಟ್ರು ಮತ್ತು ನಾನು. ಬ್ಯಾಂಕಿನವನು ಮೂರು ವರ್ಷ ದುಡ್ಡು ಕೂಡಿಟ್ಟು 600 ಎಂಎಂ ತನಕ ಚಾಚುವ ಜೂಮ್ ಲೆನ್ಸ್ ಕೊಂಡಿದ್ದ. ಅದಕ್ಕೆ ಅದೇ ಮೊದಲ ಸವಾರಿ. ಬಾಣಂತಿ ಕೂಸನ್ನು ಹಿಡಿದುಕೊಳ್ಳುವಂತೆ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದ. ಮೇಷ್ಟ್ರ ಬಳಿ ಕ್ಯಾಮೆರಾ ಇಲ್ಲ. ಒಂದು ಹಳೆಯ ದುರ್ಬೀನು, ಪೆನ್ಸಿಲ್ಲು, ಇನ್ನೂರು ಪುಟದ ನೋಟ್‌ಬುಕ್ಕು, ಇಷ್ಟೇ ಅವರ ಆಸ್ತಿ. ಆ ನೋಟ್‌ಬುಕ್ಕಿನ ವಿಷಯ ಮುಂದೆ ಬರುತ್ತದೆ, ಈಗಲೇ ಹೇಳಿದರೆ ದಾರಿ ತಪ್ಪುತ್ತೇವೆ. ದಾರಿ ತಪ್ಪುವುದೇನೋ ಇದ್ದದ್ದೇ ಅನ್ನಿ.

ತೀರ್ಥಹಳ್ಳಿ ರಸ್ತೆ ತುಂಗೆಯ ಕೈಹಿಡಿದುಕೊಂಡೇ ಹೋಗುವ ರಸ್ತೆ. ಗಾಜನೂರು ದಾಟಿದೆವು. ಸಕ್ರೆಬೈಲು ಬಂದಾಗ ಇನ್ನೂ ಕತ್ತಲು, ಬಿಡಾರದ ಆನೆಗಳು ಕಾಡಿನಿಂದ ಸ್ನಾನಕ್ಕೆ ಇಳಿದು ಬರುವ ಹೊತ್ತಾಗಿರಲಿಲ್ಲ. ಬೇರೆ ದಿನವಾಗಿದ್ದರೆ ಕಾಯುತ್ತಿದ್ದೆವು. ಅಂದು ಮಂಡಗದ್ದೆಯಲ್ಲಿ ಹಕ್ಕಿಗಳು ನಮಗಾಗಿ ಕಾದಿವೆ ಎಂಬ ಅವಸರ. ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರ್ ದೂರದ ಮಂಡಗದ್ದೆಯಲ್ಲಿ ಹೊಳೆಯ ನಡುವೆ ಒಂದು ಪುಟ್ಟ ನಡುಗಡ್ಡೆಯಿದೆ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿನ ಗಿಡಮರಗಳ ಮೇಲೆ ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ರಸ್ತೆಬದಿಯಿಂದಲೇ ಎಲ್ಲವೂ ಕಾಣುತ್ತದೆ.

ಬೆಳಕು ಹರಿಯಿತು. ಹೊಳೆಯ ಮೇಲಿನ ಮಂಜು ಮೆಲ್ಲನೆ ಮೇಲೆದ್ದಿತು. ನಡುಗಡ್ಡೆ ಕಂಡಿತು, ಮರಗಳು ಕಂಡವು, ಕೊಂಬೆಗಳಲ್ಲಿ ಹಳೆಯ ಗೂಡುಗಳ ಕಡ್ಡಿಗಳೂ ಕಂಡವು. ಹಕ್ಕಿ? ಒಂದೂ ಇಲ್ಲ. ಟ್ರೈಪಾಡ್ ಮೇಲೆ ಕೂತ ಹೊಸ ಲೆನ್ಸು ಖಾಲಿ ಕೊಂಬೆಗಳನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಡಕಿತು. ಹಾಲು ಹಾಕಲು ಹೊರಟಿದ್ದ ಊರಿನವರೊಬ್ಬರು ಸೈಕಲ್ ನಿಲ್ಲಿಸಿ ನಮ್ಮನ್ನು ನೋಡಿದರು. ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು. "ಈಗೆಂಥದೂ ಇಲ್ಲ ಮಾರಾಯ್ರೆ. ಮಳೆಗಾಲದಲ್ಲಿ ಬರ್ಬೇಕಿತ್ತು."

ಇದು ತಿಳಿಯದ್ದಲ್ಲ, ಮನಸ್ಸು ಗಮನಿಸದೆ ಬಿಟ್ಟದ್ದು. ಚಳಿಗಾಲವೆಂದರೆ ಹಕ್ಕಿಗಳ ಕಾಲ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುವುದು ಚಳಿಗಾಲದಲ್ಲಿ, ಅದು ಸರಿ. ಆದರೆ ಅವು ಮೇಯಲು ಬರುವ ನೆಂಟರು. ಮಂಡಗದ್ದೆಯದು ಬಾಣಂತನದ ಮನೆ. ಮಳೆ ಹಿಡಿದು ಗದ್ದೆಗಳಲ್ಲಿ ನೀರು ನಿಂತಾಗ ಕಪ್ಪೆ, ಮೀನು, ಹುಳುಹುಪ್ಪಟೆ ಸಮೃದ್ಧಿ, ಮರಿಗಳ ಬಾಯಿಗೆ ಬರವಿಲ್ಲ. ಸುತ್ತ ತುಂಬಿ ಹರಿಯುವ ತುಂಗೆ ಕೋಟೆಯ ಕಂದಕದ ಹಾಗೆ ಗೂಡುಗಳನ್ನು ಕಾಯುತ್ತದೆ. ಮರಿ ರೆಕ್ಕೆ ಬಲಿತು ಹಾರಿದ ಮೇಲೆ ಅಲ್ಲಿ ಯಾರಿಗೇನು ಕೆಲಸ? ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿ, ಲೆಕ್ಕ ತಿರುಗುಮುರುಗು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳ ಮೇಲೆ ಗೂಡು ಹೂಡುವುದು ಚಳಿಗಾಲದಿಂದ ಬೇಸಿಗೆಯ ತನಕ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಅವನ್ನು ನೋಡಿಕೊಳ್ಳುತ್ತಾರೆ. ಒಂದೇ ಕರ್ನಾಟಕ, ಆದರೆ ನೀರಿಗೊಂದು, ಮರಕ್ಕೊಂದು ಪಂಚಾಂಗ. ರಂಗನತಿಟ್ಟಿನ ಕಾವೇರಿ ನಡುಗಡ್ಡೆಗಳನ್ನು ನೋಡಿದ ಪಕ್ಷಿತಜ್ಞ ಸಲೀಂ ಅಲಿ ಅವರು ಇದು ಹಕ್ಕಿಗಳಿಗೆ ಮೀಸಲಾಗಲಿ ಎಂದು ಮೈಸೂರು ಮಹಾರಾಜರಿಗೆ ಹೇಳಿ, 1940ರಲ್ಲಿ ಅದು ಪಕ್ಷಿಧಾಮವಾದದ್ದು ಇಂಥ ಪಂಚಾಂಗ ಓದಬಲ್ಲವರಾಗಿದ್ದರಿಂದಲೇ. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು, ನಮ್ಮ ರಾಜ್ಯದ ಮಟ್ಟಿಗೆ ಮೊದಲನೆಯದು.

ಎಲ್ಲಿದ್ದೆವು? ಹಾಂ, ಹೊಳೆಯ ದಡದಲ್ಲಿ. ಕಾಫಿ ಬಗ್ಗಿಸಿಕೊಂಡು ಬಂಡೆಯ ಮೇಲೆ ಕೂತೆವು. ಹಿಂದಿನ ಪೊದೆಯಲ್ಲಿ ಏಕಾಏಕಿ ಗಲಾಟೆ. ಹರಟೆಮಲ್ಲಗಳು! ಈ ಹಕ್ಕಿಯನ್ನು ನೀವು ನೋಡಿಯೇ ಇರುತ್ತೀರಿ. ಮಣ್ಣಿನ ಬಣ್ಣ, ಸಿಟ್ಟು ಬಂದಂಥ ಬಿಳಿಗಣ್ಣು, ಆರೆಂಟರ ಗುಂಪು, ತರಗೆಲೆ ಮಗುಚುತ್ತಾ ಬಾಯಿ ಮುಚ್ಚದೆ ಮಾತು. ಹಿಂದಿಯವರು ಇದನ್ನು ಏಳು ಅಣ್ಣತಮ್ಮಂದಿರು ಎಂದರು, ಇಂಗ್ಲಿಷಿನವರು ಏಳು ಅಕ್ಕತಂಗಿಯರು ಎಂದರು. ಇಬ್ಬರೂ ತಲೆ ಎಣಿಸಿದರು. ಕನ್ನಡಿಗರು ಮಾತು ಕೇಳಿಸಿಕೊಂಡು ಹೆಸರಿಟ್ಟರು. ಹರಟೆಯ ರುಚಿ ಬಲ್ಲ ಜನ ಬೇರೆ ಏನು ಹೆಸರಿಟ್ಟಾರು?

ಬ್ಯಾಂಕಿನವನು ಲೆನ್ಸ್ ಎತ್ತಲಿಲ್ಲ. "ಇದು ನಮ್ಮ ಹಿತ್ತಲಲ್ಲೇ ಇದೆ" ಎಂದ. ಆಗ ಮೇಷ್ಟ್ರು ಶುರುಮಾಡಿದರು. ಚಾತಕ ಗೊತ್ತಲ್ಲ, ಮಳೆಹನಿಗಾಗಿ ಬಾಯ್ದೆರೆದು ಕಾಯುತ್ತದೆಂದು ಕವಿಗಳು ಹಾಡಿದ ಹಕ್ಕಿ? ಅದು ಗೂಡು ಕಟ್ಟುವುದಿಲ್ಲ. ಮಳೆಯ ಜೊತೆ ಬಂದು ಹರಟೆಮಲ್ಲನ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಎರಡರ ಮೊಟ್ಟೆಯೂ ನೀಲಿ, ಗುರುತು ಸಿಗುವುದಿಲ್ಲ. ಹರಟೆಮಲ್ಲಗಳ ಕೂಡುಕುಟುಂಬದಲ್ಲಿ ಮರಿಗೆ ಉಣಿಸಲು ತಂದೆತಾಯಿ ಮಾತ್ರವಲ್ಲ, ಗುಂಪಿನ ಉಳಿದವೂ ಬರುತ್ತವೆ. ಹಾಗಾಗಿ ಚಾತಕದ ಮರಿಗೂ ತುತ್ತಿಡಲು ಚಿಕ್ಕಪ್ಪ, ದೊಡ್ಡಮ್ಮ ಎಲ್ಲರೂ ಉಂಟು. ಕಾವ್ಯದಲ್ಲಿ ಚಾತಕಕ್ಕೆ ಸಿಕ್ಕಿದ ಮನ್ನಣೆಯಲ್ಲಿ ಒಂದು ಪಾಲು ಈ ಮಣ್ಣುಬಣ್ಣದ ಸಂಸಾರಕ್ಕೆ ಸಲ್ಲಬೇಡವೇ? ಮೇಷ್ಟ್ರು ಮಾತು ಮುಗಿಸುವಷ್ಟರಲ್ಲಿ ಗೆಳೆಯ ಮಣ್ಣಿನ ಮೇಲೆ ಬೋರಲು ಮಲಗಿದ್ದ. ಹೊಸ ಲೆನ್ಸಿನ ಮೊದಲ ಚಿತ್ರ ಹರಟೆಮಲ್ಲನದೇ.

ಬಿಸಿಲೇರಿತು, ಪೊದೆಗಳು ಸುಮ್ಮನಾದವು. ಔಷಧಿ ಅಂಗಡಿಯ ಗೆಳೆಯ ಫೋನು ತೆಗೆದ. "ನವರಂಗದ ಕೂಗು ಇದೆ, ಹಾಕಲಾ? ಇದ್ದರೆ ಹೊರಗೆ ಬರುತ್ತದೆ." ಮೇಷ್ಟ್ರು ಅವನ ಕೈಮೇಲೆ ಕೈಯಿಟ್ಟರು. ಅವರ ಮಾತನ್ನೇ ಇಲ್ಲಿ ನನ್ನ ಮಾತಾಗಿಯೂ ಹೇಳುತ್ತೇನೆ, ಏಕೆಂದರೆ ನಮ್ಮ ಕಾಡುಗಳಲ್ಲಿ ಈ ಚಾಳಿ ಹೆಚ್ಚುತ್ತಿರುವುದನ್ನು ಕಂಡು ನನಗೆ ನೋವಾಗಿದೆ. ನವರಂಗ ಚಳಿಗಾಲ ಕಳೆಯಲೆಂದು ಉತ್ತರದಿಂದ ಇಲ್ಲಿಯತನಕ ಹಾರಿ ಬಂದ ಹಕ್ಕಿ. ಮೇಯಲು ಅದಕ್ಕೆ ತನ್ನದೊಂದಿಷ್ಟು ಜಾಗ ಬೇಕು. ಫೋನಿನ ಕೂಗು ಕೇಳಿದರೆ ಇನ್ನೊಂದು ಹಕ್ಕಿ ನುಗ್ಗಿತೆಂದು ಮೇವು ಬಿಟ್ಟು ಕಾದಾಡಲು ಬರುತ್ತದೆ. ಎದುರಾಳಿಯೇ ಇಲ್ಲದ ಜಗಳ. ನಾವು ಹೋದಮೇಲೆ ಇನ್ನೊಂದು ತಂಡ, ಇನ್ನೊಂದು ಫೋನು. ಗೂಡಿನ ಮುಂದಿನ ಕೊಂಬೆ ಕಡಿದು ಫ್ರೇಮ್ ತಿಳಿ ಮಾಡಿಕೊಳ್ಳುವವರೂ ಇದ್ದಾರೆ. ಎಲೆಯ ಮರೆ ಹೋದ ಗೂಡನ್ನು ಬಿಸಿಲೂ ಕಾಗೆಯೂ ಬಿಡುವುದಿಲ್ಲ. ಒಂದು ಚಿತ್ರಕ್ಕೆ ಅಷ್ಟು ಬೆಲೆ ಕೊಡಬಾರದು. ಫೋನು ಜೇಬಿಗೆ ಹೋಯಿತು.

ಇದೇ ರಸ್ತೆಯಲ್ಲಿ ತೀರ್ಥಹಳ್ಳಿ ದಾಟಿ ಕೊಪ್ಪದ ಕಡೆ ಹೋದರೆ ಕುವೆಂಪು ಅವರ ಊರು ಕುಪ್ಪಳಿ. ಅವರ 'ದೇವರು ರುಜು ಮಾಡಿದನು' ಕವಿತೆಯ ಹೊಳೆ ಇದೇ ತುಂಗೆ, ಅದರ ಹಕ್ಕಿ ಇದೇ ಬೆಳ್ಳಕ್ಕಿ. ಅವರ ಮಗ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಕ್ಯಾಮೆರಾ ಹಿಡಿದು ಕೂತರು. ಫಿಲಂ ಕಾಲ, ರೋಲಿಗೆ 36 ಚಿತ್ರ, ತೊಳೆಸಿ ತರುವ ತನಕ ಏನು ಬಂದಿದೆ ಎಂದು ತಿಳಿಯದು. ಅವರ 'ಕನ್ನಡ ನಾಡಿನ ಹಕ್ಕಿಗಳು', 'ಹಕ್ಕಿ ಪುಕ್ಕ' ಓದಿ ಹಕ್ಕಿಗಳ ಕನ್ನಡ ಹೆಸರು ಕಲಿತ ತಲೆಮಾರು ನಮ್ಮದು. ಅಪ್ಪ ಬರಿಗಣ್ಣಲ್ಲಿ ಕಂಡರು, ಮಗ ಲೆನ್ಸಿನಲ್ಲಿ ಕಂಡರು. ಇಬ್ಬರ ಬಂಡವಾಳವೂ ಒಂದೇ, ಪುರುಸೊತ್ತು.

ಅವಲಕ್ಕಿ ಖಾಲಿಯಾಯಿತು. ಬಾಳೆಹಣ್ಣಿನ ಸಿಪ್ಪೆ ಚೀಲಕ್ಕೆ ಹೋಯಿತು. ಹೊರಡುವ ಮೊದಲು ಮೇಷ್ಟ್ರು ನೋಟ್‌ಬುಕ್ಕು ತೆರೆದರು. ತಾರೀಖು, ಸ್ಥಳ, ಆರೂವರೆಯಿಂದ ಹತ್ತೂವರೆ. ಹರಟೆಮಲ್ಲ 8, ಮಿಂಚುಳ್ಳಿ 1, ಕೆಂಬೂತ 2, ಪಿಕಳಾರ, ಮಡಿವಾಳ, ಕಾಜಾಣ, ಕುಟ್ರ, ಸೂರಕ್ಕಿ, ಬೂದು ಸಿಪಿಲೆ... ಒಟ್ಟು 17 ಬಗೆ. ಹಕ್ಕಿಯೇ ಇಲ್ಲ ಎಂದು ಪೇಚಾಡಿದ ಬೆಳಗಿನ ಲೆಕ್ಕ ಇದು! ಕೊನೆಯ ಸಾಲು: ನಡುಗಡ್ಡೆಯಲ್ಲಿ ಬೆಳ್ಳಕ್ಕಿ 0, ನೀರುಕಾಗೆ 0, ಹಾವಕ್ಕಿ 0.

ಸೊನ್ನೆಯನ್ನು ಯಾಕೆ ಬರೆಯಬೇಕು ಎಂದು ಕೇಳಿದೆ. "ಸೊನ್ನೆಯೂ ಅಂಕಿಯೇ. ಎಲ್ಲರೂ ಕಂಡದ್ದನ್ನು ಮಾತ್ರ ಬರೆದರೆ ಯಾವುದು ಕಡಿಮೆಯಾಯಿತು ಎಂದು ಯಾರಿಗೆ ತಿಳಿಯುತ್ತದೆ?" ಎಂದರು. ಅದರಲ್ಲಿ ನಿಜವಿದೆ. ಇಬರ್ಡ್ ಜಾಲತಾಣಕ್ಕೆ ಜನ ಕಳಿಸಿದ ಇಂಥ ಪಟ್ಟಿಗಳನ್ನೇ ಆಧರಿಸಿ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. 30 ಸಾವಿರಕ್ಕೂ ಹೆಚ್ಚು ವೀಕ್ಷಕರು, ಸುಮಾರು 3 ಕೋಟಿ ದಾಖಲೆ, 942 ಬಗೆಯ ಹಕ್ಕಿಗಳ ಪರಿಶೀಲನೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿಮುಖವಾಗಿದೆ ಎಂದು ಅದರಿಂದ ಗೊತ್ತಾಯಿತು. ಕಂಡ ಹಕ್ಕಿಗಳನ್ನೆಲ್ಲ ಬಿಡದೆ ಬರೆದಿಟ್ಟವರು ಇದ್ದದ್ದರಿಂದ, ತಂತಿಯ ಮೇಲೆ ದಿನವೂ ಕೂರುತ್ತಿದ್ದ ಹಕ್ಕಿ ಪಟ್ಟಿಯಲ್ಲಿ ಇಲ್ಲದ್ದೂ ಗೊತ್ತಾಯಿತು.

ಮಂಡಗದ್ದೆಯ ಬೆಳ್ಳಕ್ಕಿಗಳನ್ನು ನೋಡುವ ಮನಸ್ಸಿದ್ದರೆ ಮಳೆಗಾಲದಲ್ಲಿ, ಆಗಸ್ಟ್ ಸುಮಾರಿಗೆ, ಛತ್ರಿ ಹಿಡಿದು ಹೋಗಿ. ಬೇರೆ ಯಾವಾಗ ಹೋದರೂ ಒಂದು ನೋಟ್‌ಬುಕ್ಕು ಜೊತೆಗಿರಲಿ. ಕಂಡದ್ದನ್ನು ಬರೆಯಿರಿ, ಕಾಣದ್ದನ್ನೂ ಬರೆಯಿರಿ.