ಅಜ್ಜಿಯ ಜೊತೆಗೊಬ್ಬ ಮೊಮ್ಮಗಳು

ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಗೆ ಗಂಜಿ ಕುಡಿಸಿದವರು ಯಾರು? ಕಣ್ಣು ಮಂಜಾದ ತಾತನ ಕೈ ಹಿಡಿದು ಬಚ್ಚಲಿಗೆ ನಡೆಸಿಕೊಂಡು ಹೋದವರು ಯಾರು? ಒಮ್ಮೆ ನೆನಪಿಸಿಕೊಳ್ಳಿ. ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳಬೇಕಾದರೆ ಆಸ್ಟ್ರೇಲಿಯಾದ ನಡುನೆಲದ ಮರುಭೂಮಿಯವರೆಗೆ ಹೋಗಬೇಕಾಯಿತು.

ಮೇಲಧಿಕಾರಿಗಳ ಅಪ್ಪಣೆಯಂತೆ ಕೆಲವು ವರ್ಷ ನಾನು ಆಲಿಸ್ ಸ್ಪ್ರಿಂಗ್ಸ್ ಎಂಬ ಪಟ್ಟಣದಲ್ಲಿ ಸೇವೆ ಸಲ್ಲಿಸಿದೆ. ಕೆಂಪು ಮಣ್ಣು, ಕೆಂಪು ಬೆಟ್ಟ. ಊರ ನಡುವೆ ಟಾಡ್ ಎಂಬ ನದಿ. ವರ್ಷದ ಬಹುಭಾಗ ಅದರಲ್ಲಿ ನೀರಿರುವುದಿಲ್ಲ, ಬರೀ ಮರಳು. ಭಾನುವಾರದ ಬಲಿಪೂಜೆಗೆ ಒಬ್ಬ ಮೂಲನಿವಾಸಿ ಅಜ್ಜಿ ತಪ್ಪದೆ ಬರುತ್ತಿದ್ದರು. ಅವರ ಗಾಲಿಕುರ್ಚಿಯನ್ನು ತಳ್ಳಿಕೊಂಡು ಬರುತ್ತಿದ್ದವಳು ಸುಮಾರು ಹದಿನಾಲ್ಕರ ಮೊಮ್ಮಗಳು. ಅಜ್ಜಿಯ ಊರು ಅಲ್ಲಿಂದ ನೂರಾರು ಕಿಲೋಮೀಟರ್ ನೈರುತ್ಯಕ್ಕೆ, ಪಿಟ್‌ಜಂಜಾರ ಭಾಷೆಯ ಜನರ ನಾಡಿನಲ್ಲಿ. ಮೂತ್ರಪಿಂಡ ಕೆಟ್ಟುದರಿಂದ ಊರು ಬಿಟ್ಟು ಪಟ್ಟಣ ಸೇರಿದ್ದರು. ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ ನಾಲ್ಕೈದು ಗಂಟೆ ಡಯಾಲಿಸಿಸ್. ಹುಡುಗಿ ಅಜ್ಜಿಗೆ ಸ್ನಾನ ಮಾಡಿಸುತ್ತಿದ್ದಳು, ಮಾತ್ರೆ ಎಣಿಸಿ ಕೊಡುತ್ತಿದ್ದಳು, ವೈದ್ಯರ ಇಂಗ್ಲಿಷನ್ನು ಅಜ್ಜಿಯ ಭಾಷೆಗೆ ತಿರುಗಿಸುತ್ತಿದ್ದಳು. ವಾರದಲ್ಲಿ ಮೂರು ದಿನ ಅವಳಿಗೆ ಶಾಲೆ ಇರಲಿಲ್ಲ.

ಇದನ್ನು ಅರಿತ ನಾನು, ಗುರುಮಠದಲ್ಲಿ ಕಲಿತ ಶಿಸ್ತಿನ ಮನುಷ್ಯ, ಒಂದು ಭಾನುವಾರ ಅವಳನ್ನು ನಿಲ್ಲಿಸಿ ಹೇಳಿದೆ: "ಹೀಗೆ ಶಾಲೆ ತಪ್ಪಿಸಬಾರದು ಮಗಳೇ. ನಾನು ಮಕ್ಕಳ ಕಲ್ಯಾಣ ಇಲಾಖೆಗೆ ಫೋನ್ ಮಾಡಿ ಏನಾದರೂ ಸಹಾಯ ಕೇಳುತ್ತೇನೆ." ಒಳ್ಳೆಯ ಮಾತು ಆಡಿದೆನೆಂದೇ ಭಾವಿಸಿದ್ದೆ. ಅವಳು ತಲೆ ತಗ್ಗಿಸಿ ಕುರ್ಚಿ ತಳ್ಳಿಕೊಂಡು ಹೋದಳು. ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಮೂರನೆಯ ವಾರ ನನ್ನನ್ನು ಹುಡುಕಿಕೊಂಡು ಬಂದವರು ಮೂಲನಿವಾಸಿ ಆರೋಗ್ಯ ಸೇವೆಯ ಒಬ್ಬ ಹಿರಿಯ ಕಾರ್ಯಕರ್ತೆ. ಅಲ್ಲಿ ಹಿರಿಯ ಹೆಂಗಸರನ್ನೆಲ್ಲ ಗೌರವದಿಂದ 'ಆಂಟಿ' ಎಂದೇ ಕರೆಯುತ್ತಾರೆ. ನಮ್ಮ ಬೆಂಗಳೂರಿನ ಆಂಟಿಗಿಂತ ಆ ಪದಕ್ಕೆ ಅಲ್ಲಿ ತೂಕ ಹೆಚ್ಚು. ಆಂಟಿ ಕುಳಿತುಕೊಳ್ಳಲಿಲ್ಲ. "ಫಾದರ್, ಆ ಇಲಾಖೆಯ ಹೆಸರನ್ನು ನೀವು ಎತ್ತಬಾರದಿತ್ತು. ಆ ಅಜ್ಜಿಯ ಅಕ್ಕನನ್ನು ಚಿಕ್ಕಂದಿನಲ್ಲೇ ಹೊತ್ತುಕೊಂಡು ಹೋದರು. ಮತ್ತೆ ಸಿಗಲೇ ಇಲ್ಲ" ಎಂದರು.

ಇಪ್ಪತ್ತನೆಯ ಶತಮಾನದ ಆರಂಭದಿಂದ ಸುಮಾರು 1970ರವರೆಗೆ ಆ ದೇಶದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರಿಂದ ಕಿತ್ತು ಸಂಸ್ಥೆಗಳಲ್ಲೂ ಬಿಳಿಯರ ಮನೆಗಳಲ್ಲೂ ಇರಿಸಿದರು. 'ಕದ್ದೊಯ್ದ ತಲೆಮಾರುಗಳು' ಎಂದು ಅವರನ್ನು ಕರೆಯುತ್ತಾರೆ. 1997ರ ವಿಚಾರಣಾ ವರದಿ ಆ ಕಥೆಗಳನ್ನು ದಾಖಲಿಸಿತು; 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆ ಮಕ್ಕಳನ್ನು ಇರಿಸಿಕೊಂಡ ಸಂಸ್ಥೆಗಳಲ್ಲಿ ಕ್ರೈಸ್ತ ಮಿಷನ್‌ಗಳೂ ಇದ್ದವು, ನಮ್ಮ ಕಥೋಲಿಕ ಮಿಷನ್‌ಗಳೂ ಇದ್ದವು. ಬಿಳಿ ನಿಲುವಂಗಿ ತೊಟ್ಟು 'ಸಹಾಯ ಕೇಳುತ್ತೇನೆ' ಎಂದವನ ಮಾತು ಆ ಅಜ್ಜಿಯ ಕಿವಿಗೆ ಹೇಗೆ ಕೇಳಿಸಿರಬೇಕು! ಇಂದಿಗೂ ಅಲ್ಲಿ ಮನೆಯಿಂದ ಬೇರ್ಪಡಿಸಿ ಬೇರೆಡೆ ಇರಿಸಲಾಗುವ ಪ್ರಮಾಣ ಮೂಲನಿವಾಸಿ ಮಕ್ಕಳಲ್ಲಿ ಇತರರಿಗಿಂತ ಸುಮಾರು ಹತ್ತು ಪಟ್ಟು. ಆದ್ದರಿಂದಲೇ ಮನೆಯ ಕಷ್ಟವನ್ನು ಮಕ್ಕಳು ಹೊರಗೆ ಹೇಳುವುದಿಲ್ಲ.

ಕ್ಷಮೆ ಕೇಳಲು ಆಂಟಿಯೊಡನೆ ಹೋದೆ. ಅಜ್ಜಿ ನನ್ನನ್ನು ಬಹಳ ಹೊತ್ತು ನೋಡಿ, ಕೊನೆಗೆ ಚಹಾ ಮಾಡಲು ಮೊಮ್ಮಗಳಿಗೆ ಹೇಳಿದರು.

ಆ ಬಳಿಕ ಆಂಟಿಯ ಕೆಲಸವನ್ನು ಹತ್ತಿರದಿಂದ ಕಂಡೆ. ಮೂಲನಿವಾಸಿಗಳೇ ನಡೆಸುವ ಆರೋಗ್ಯ ಸೇವೆ ಮೊದಲು ಹುಟ್ಟಿದ್ದು 1971ರಲ್ಲಿ, ಸಿಡ್ನಿಯ ರೆಡ್‌ಫರ್ನ್‌ನಲ್ಲಿ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 1973ರಲ್ಲಿ ಆರಂಭವಾದುದರ ಹೆಸರು 'ಕಾಂಗ್ರೆಸ್'. ನಮ್ಮ ಪಕ್ಷಕ್ಕೂ ಅದಕ್ಕೂ ಸಂಬಂಧವಿಲ್ಲ! ಈಗ ದೇಶದಾದ್ಯಂತ ಇಂಥ ಸೇವೆಗಳು ನೂರನಲವತ್ತಕ್ಕೂ ಹೆಚ್ಚು. ವೈದ್ಯರು ಎಲ್ಲಿಂದಲೋ ಬಂದಿರಬಹುದು, ಆದರೆ ಆಡಳಿತ ಮಂಡಳಿ ಆ ಜನರದೇ. ಬಾಗಿಲಲ್ಲಿ ಎದುರಾಗುವ ಮುಖವೂ ಸಾಮಾನ್ಯವಾಗಿ ನೆಂಟರದೇ.

ಕುಟುಂಬದ ರೋಗಿಗಳನ್ನೋ ಅಂಗವಿಕಲರನ್ನೋ ನೋಡಿಕೊಳ್ಳುವವರನ್ನು ಅಲ್ಲಿ 'ಕೇರರ್' ಎನ್ನುತ್ತಾರೆ. ಅವರನ್ನು ಗುರುತಿಸಲು 2010ರಲ್ಲಿ ಕಾನೂನೇ ಬಂದಿದೆ. 2022ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಇಪ್ಪತ್ತೈದು ತುಂಬದ ಕೇರರ್‌ಗಳೇ ಸುಮಾರು 3,91,300 ಮಂದಿ. ಮೂಲನಿವಾಸಿಗಳಲ್ಲಿ ಮೂರರಲ್ಲೊಬ್ಬರು ಹದಿನೈದರೊಳಗಿನ ಮಕ್ಕಳು. ಮಧುಮೇಹ, ಮೂತ್ರಪಿಂಡದ ರೋಗಗಳೋ ಹಿರಿಯರನ್ನು ಬೇಗನೆ ಹಿಡಿಯುತ್ತವೆ. ಹೊರೆ ಯಾರ ಹೆಗಲಿಗೆ ಬೀಳುತ್ತದೆಂದು ನೀವೇ ಊಹಿಸಿ. ಆದರೆ 'ನೀನು ಕೇರರೇ?' ಎಂಬ ಅರ್ಜಿಯ ಪ್ರಶ್ನೆಗೆ ನಮ್ಮ ಹುಡುಗಿ 'ಇಲ್ಲ' ಎಂದೇ ಗುರುತು ಹಾಕಿದ್ದಳು. ಯಾಕೆಂದು ಕೇಳಿದರೆ, "ನಾನು ಮೊಮ್ಮಗಳಲ್ಲವೇ?" ಎಂದಳು.

ಈ ಉತ್ತರ ಕನ್ನಡಿಗನಾದ ನನಗೆ ತಟ್ಟನೆ ಅರ್ಥವಾಯಿತು. ಅವರ ಭಾಷೆಯಲ್ಲಿ ತಾಯಿಯ ಅಕ್ಕತಂಗಿಯರೂ ತಾಯಿಯೇ, ನಮ್ಮಲ್ಲಿ ದೊಡ್ಡಮ್ಮ ಚಿಕ್ಕಮ್ಮ ಇದ್ದಂತೆ; ತಂದೆಯ ಅಣ್ಣತಮ್ಮಂದಿರೂ ತಂದೆಯೇ. ತಂದೆಗೆ ಅವರು 'ಮಮ' ಎನ್ನುವುದನ್ನು ಕೇಳಿ ಮೊದಮೊದಲು ಸೋದರಮಾವನೆಂದು ತಿಳಿದು ನಗೆಗೀಡಾಗಿದ್ದೇನೆ.

ಆಂಟಿ ಆ ಅರ್ಜಿಯನ್ನು ಮಡಿಸಿ ಬದಿಗಿಟ್ಟರು. ಡಯಾಲಿಸಿಸ್ ದಿನಗಳಲ್ಲಿ ಅಜ್ಜಿಯನ್ನು ಕರೆದೊಯ್ಯಲು ಆರೋಗ್ಯ ಸೇವೆಯ ವ್ಯಾನು ಗೊತ್ತುಮಾಡಿದರು. ಜೊತೆಗೆ ಕೂರಲು ಅಜ್ಜಿಯ ಭಾಷೆ ಬಲ್ಲ ಸಂಬಂಧಿಯೊಬ್ಬರನ್ನು ಒಪ್ಪಿಸಿದರು. ಶಾಲೆಯ ಮುಖ್ಯಸ್ಥರೊಡನೆ ತಾವೇ ಮಾತಾಡಿದರು. ಹುಡುಗಿಯದೇ ಆರೋಗ್ಯ ತಪಾಸಣೆ ಮಾಡಿಸಿದರು. ಕುರ್ಚಿ ಎತ್ತಿ ಇಳಿಸಿ ಅವಳ ಸೊಂಟ ನೋಯುತ್ತಿತ್ತೆಂಬುದು ಅಂದೇ ಹೊರಬಿದ್ದದ್ದು. ತಿಂಗಳಿಗೊಮ್ಮೆ ಇಂಥ ಮಕ್ಕಳನ್ನು ಊರಾಚೆಯ ಬಯಲಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಉಪದೇಶವಿಲ್ಲ, ಬೆಂಕಿ, ಊಟ, ಹಿರಿಯರ ಕಥೆಗಳು. ಒಮ್ಮೆ ನಾನೂ ಹೋಗಿದ್ದೆ. ಹುಡುಗಿ ಊಟ ಮುಗಿಸಿ ಅಲ್ಲೇ ಮರಳಿನ ಮೇಲೆ ಮಲಗಿ ಮೂರು ಗಂಟೆ ನಿದ್ದೆ ಹೋದಳು. ಯಾರೂ ಎಬ್ಬಿಸಲಿಲ್ಲ.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಶಾಲೆ ತಪ್ಪುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಅಜ್ಜಿಯ ಹಂಬಲ ಊರಿನದು. ಕಿಂಟೋರ್ ಎಂಬ ದೂರದ ಹಳ್ಳಿಯವರೂ ನೆರೆಯವರೂ 2000ದಲ್ಲಿ ತಮ್ಮ ವರ್ಣಚಿತ್ರಗಳನ್ನು ಸಿಡ್ನಿಯಲ್ಲಿ ಹರಾಜು ಹಾಕಿ, ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಕೂಡಿಸಿ, 2004ರಲ್ಲಿ ತಮ್ಮೂರಲ್ಲೇ ಡಯಾಲಿಸಿಸ್ ಆರಂಭಿಸಿದರು. 'ಪರ್ಪಲ್ ಹೌಸ್' ಎಂದು ಹೆಸರಾದ ಆ ಸಂಸ್ಥೆಯ ನೇರಳೆ ಬಣ್ಣದ ಟ್ರಕ್ಕು ಯಂತ್ರಗಳನ್ನು ಹೊತ್ತು ಹಳ್ಳಿಗಳಿಗೂ ಹೋಗುತ್ತದೆ. ಹಾಗೊಮ್ಮೆ ಅದು ಅಜ್ಜಿಯ ಕಡೆಗೆ ಹೋದಾಗ ಅವರು ಎರಡು ವಾರ ತಮ್ಮ ಜನರ ನಡುವೆ ಇದ್ದು ಬಂದರು. ಮೊಮ್ಮಗಳಿಗೆ ಆ ದಿನಗಳಲ್ಲಿ ಮಾಡಲು ಕೆಲಸವೇ ಇರಲಿಲ್ಲವಂತೆ. ಅಷ್ಟು ಮಂದಿ ತಾಯಂದಿರಿದ್ದರು.

ನನಗೊಬ್ಬ ಅಕ್ಕ ಇದ್ದಾಳೆ. ನಮ್ಮಜ್ಜಿಗೆ ಲಕ್ವ ಹೊಡೆದಾಗ ಅವಳು ಏಳನೆಯ ತರಗತಿ. ಶಾಲೆ ಬಿಟ್ಟಳು, ಆರು ವರ್ಷ ಅಜ್ಜಿಯನ್ನು ಎತ್ತಿ ಇಳಿಸಿದಳು. ನಾನು ಗುರುಮಠಕ್ಕೆ ಹೊರಟ ದಿನ ಊರೆಲ್ಲ ಬಂದು ಹಾರ ಹಾಕಿತು. ಅಕ್ಕ ಒಳಗೆ ಅಜ್ಜಿಯ ಬಟ್ಟೆ ಬದಲಿಸುತ್ತಿದ್ದಳು. ನನ್ನ ಗುರುದೀಕ್ಷೆಯ ಸಮಾರಂಭದಲ್ಲಿ ವಂದಿಸಿದವರ ಪಟ್ಟಿ ಉದ್ದವಾಗಿತ್ತು. ಅದರಲ್ಲಿ ಅವಳ ಹೆಸರಿರಲಿಲ್ಲ. ಪಟ್ಟಿ ಬರೆದವನು ನಾನೇ.

ಬಯಲಿನಿಂದ ಮರಳಿದ ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಅಲ್ಲಿ ಹತ್ತು ಗಂಟೆ, ಊರಲ್ಲಿ ಸಂಜೆ ಆರು. "ಅಕ್ಕ, ನಿನಗೆ ಓದಬೇಕು ಅಂತ ಆಸೆ ಇತ್ತಾ?" ಎಂದು ಕೇಳಿದೆ. ಬಹಳ ಹೊತ್ತು ಆ ಕಡೆಯಿಂದ ಕುಕ್ಕರಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಆಮೇಲೆ ಹೇಳಿದಳು: "ಲೆಕ್ಕದಲ್ಲಿ ನಾನೇ ಫಸ್ಟ್ ಬರ್ತಿದ್ದೆ ಕಣೋ. ನಿಂಗೆ ಗೊತ್ತೇ ಇರ್ಲಿಲ್ವಾ?"